ಪಾಸ್ ಎಲ್ಲಿ ಸಾಹೇಬರೇ?

ಬೀಗದ ಕೆಲಸ ಮಾಡುವವರು ನಗುವುದಕ್ಕೆಂದು ಎಲ್ಲೂ ಹೋಗಬೇಕಿಲ್ಲ. ಬೀಗ ಇದ್ದ ಕಡೆ ಕೀಲಿಕೈ ಮರೆತವರು ಒಬ್ಬರು ನಿಂತೇ ಇರುತ್ತಾರೆ, ಅವರ ಪಕ್ಕದಲ್ಲಿ ಬೀಗವನ್ನೇ ಬೈಯುವವರು ಇನ್ನೊಬ್ಬರು.

ನನ್ನದು ಕಂಪ್ಯೂಟರಿಗೆ ಬೀಗ ಹಾಕುವ ಕಂಪನಿ. ಘಾಟ್ಕೋಪರ್‌ನಲ್ಲಿ ಒಂದೂವರೆ ಕೋಣೆ. ಬೋರ್ಡಿನ ಮೇಲೆ ನನ್ನ ಹೆಸರೇ ಇದೆ, ಗಂಡನದ್ದೂ ಅಲ್ಲ, ಅಪ್ಪನದ್ದೂ ಅಲ್ಲ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು. ಇಂಗ್ಲಿಷ್ ಓದಲು ಕಲಿತದ್ದು ಮಷಿನ್ ಡಬ್ಬಿಗಳ ಒಳಗೆ ಬರುವ ಪುಸ್ತಕಗಳಿಂದ. ಹಾಗಾಗಿ ನಾನು ಕಲಿತ ಮೊದಲ ಇಂಗ್ಲಿಷ್ ಪದ ‘ವಾರ್ನಿಂಗ್’. ಇವತ್ತಿಗೂ ನಾನು ಇಂಗ್ಲಿಷಿನಲ್ಲಿ ಮಾತಾಡಿದರೆ ಎದುರಿನವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಪರೇಲ್‌ನಲ್ಲಿ ಒಂದು ಕಚೇರಿಯಿದೆ. ಹೆಸರು ಹೇಳುವಂತಿಲ್ಲ. ಅಲ್ಲಿನ ಕಂಪ್ಯೂಟರುಗಳಲ್ಲಿ ಹೊರಗಿನವರು ನೋಡಬಾರದ ನಕ್ಷೆಗಳಿವೆ. ಅದಕ್ಕೇ ಅವಕ್ಕೆ ಇಂಟರ್ನೆಟ್ ಕೊಟ್ಟಿಲ್ಲ, ಬರೀ ಪಾಸ್‌ವರ್ಡ್ ಹೊಡೆದರೆ ತೆರೆಯುವುದೂ ಇಲ್ಲ. ಚಿನ್ನದ ಬಣ್ಣದ ಚಿಪ್ ಇರುವ ಕಾರ್ಡನ್ನು ಕೀಬೋರ್ಡಿನ ಸಂದಿಗೆ ತೂರಿಸಬೇಕು. ಕಾರ್ಡು ಕಿತ್ತರೆ ಪರದೆ ಕಪ್ಪಾಗುತ್ತದೆ. ಬಾಗಿಲಿಗೂ ಅದೇ ಕಾರ್ಡು, ಅಲ್ಲಿ ಮಷಿನಿಗೆ ಹಿಡಿದರೆ ಸಾಕು. ಕಾಗದಪತ್ರದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದೆ. ಆದರೆ ಇದು ತಿಂಗಳ ಪಾಸು ಹಿಡಿದು ಲೋಕಲ್ ರೈಲಿನಲ್ಲಿ ಓಡಾಡುವ ಊರು. ಎಲ್ಲರೂ ಅದನ್ನು ‘ಪಾಸ್’ ಅನ್ನುತ್ತಾರೆ. ಪೇಚಾಟವೆಲ್ಲ ಶುರುವಾದದ್ದು ಅಲ್ಲಿಂದಲೇ.

ಫಸ್ಟ್ ಕ್ಲಾಸ್

ಮುಲುಂಡ್‌ನಿಂದ ಬರುವ ಒಬ್ಬ ಟೈಪಿಸ್ಟ್ ಅಮ್ಮ, ಕಾರ್ಡು ಕೊಟ್ಟ ಮೊದಲನೇ ದಿನವೇ ಬಾಗಿಲ ಮುಂದೆ ನಿಂತು ನನಗೆ ಫೋನ್ ಮಾಡಿದರು.

“ನಿಮ್ಮ ಮಷಿನ್ ಕೆಟ್ಟಿದೆ. ಕೆಂಪು ದೀಪ ಹತ್ತತಾನೇ ಇದೆ.”

ಓಡಿಹೋಗಿ ನೋಡಿದರೆ ರೈಲಿನ ಪಾಸನ್ನು ಮಷಿನಿಗೆ ಒತ್ತಿ ಹಿಡಿದಿದ್ದಾರೆ.

“ಅಮ್ಮಾ, ಇದು ರೈಲಿನ ಪಾಸು.”

“ಗೊತ್ತು ಕಣಮ್ಮ. ಸೆಕೆಂಡ್ ಕ್ಲಾಸ್ ಅಲ್ಲ, ಫಸ್ಟ್ ಕ್ಲಾಸು. ಅದಕ್ಕೂ ತೆಗೆಯಲ್ವಾ?”

ಅದೇ ಸಂಜೆ ಸ್ಟೇಷನ್ನಿನಲ್ಲಿ ಟಿಸಿ ಅಡ್ಡ ಬಂದಾಗ ಆಕೆ ಆಫೀಸಿನ ಕಾರ್ಡು ತೆಗೆದು ತೋರಿಸಿದರಂತೆ. ಅವನು ಅದರ ಮೇಲಿನ ಮುದ್ರೆ ನೋಡಿ ಸೆಲ್ಯೂಟ್ ಹೊಡೆದು ದಾರಿ ಬಿಟ್ಟನಂತೆ. ಮರುದಿನ ನನಗೆ ಬುದ್ಧಿ ಹೇಳಿದರು: “ನೋಡು, ಅವನನ್ನ ನೋಡಿ ಕಲಿಯಲಿ ನಿನ್ನ ಮಷಿನ್ನು.”

ಆಯುಧಪೂಜೆ

ಆ ಕಚೇರಿಯ ಸಾಹೇಬರು ಬೆಂಗಳೂರಿನವರು, ಬಹಳ ಆಚಾರವಂತರು. ಆಯುಧಪೂಜೆಗೆ ಎಲ್ಲರ ಕಾರ್ಡುಗಳನ್ನೂ ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿದರು. ರಜೆ ಮುಗಿಸಿ ಬಂದಾಗ ಬಾಗಿಲು ತೆರೆಯಿತು, ಒಂದೇ ಒಂದು ಕಂಪ್ಯೂಟರ್ ತೆರೆಯಲಿಲ್ಲ.

ನಾನು ಹೋಗಿ ನೋಡಿದೆ. ಅಷ್ಟು ಅಗಲದ ಕಾರ್ಡಿನಲ್ಲಿ ಬೇರೆ ಜಾಗವೇ ಇಲ್ಲದಂತೆ ಸರಿಯಾಗಿ ಚಿಪ್ಪಿನ ಮೇಲೇ ಕುಂಕುಮ.

“ಸಾರ್, ಅಲ್ಲೇ ಯಾಕೆ ಇಟ್ಟಿರಿ?”

“ಇದೇನ್ರೀ ಮೇಡಂ ಹೀಗೆ ಕೇಳ್ತೀರಾ? ಅದು ಹಣೆ ಅಲ್ವಾ?”

ಪೆನ್ಸಿಲ್ ಅಳಿಸುವ ರಬ್ಬರ್ ತಂದು ಮಧ್ಯಾಹ್ನದವರೆಗೂ ಹಣೆ ಉಜ್ಜಿದೆ. ಆ ಬೆಳಿಗ್ಗೆಯಷ್ಟು ಭದ್ರವಾಗಿ ಆ ನಕ್ಷೆಗಳು ಯಾವತ್ತೂ ಇರಲಿಲ್ಲ. ಶತ್ರುಗಳಿರಲಿ, ನಮ್ಮವರಿಗೇ ಸಿಗಲಿಲ್ಲ.

ಬಾಗಿಲಿಗೆ ಗೊತ್ತಿಲ್ಲ

ಕಾರ್ಡು ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಕೀಬೋರ್ಡಿನಲ್ಲೇ ಬಿಟ್ಟು ಚಹಾ ಕುಡಿಯಲು ಹೋದರೆ ಏನು ಬಂತು? ಹೋಗಿಬರುವವರೆಲ್ಲ ನೋಡಬಹುದು. ಎಲ್ಲರೂ ಅದನ್ನೇ ಮಾಡುತ್ತಿದ್ದರು, ಎಲ್ಲರಿಗಿಂತ ಹೆಚ್ಚು ಸಾಹೇಬರು.

ಹೇಳಿ ಹೇಳಿ ಸಾಕಾಗಿ ಬಾಗಿಲಲ್ಲಿ ಒಂದು ಗಾಜಿನ ಗೂಡು ಕಟ್ಟಿಸಿದೆ. ಒಳಬಾಗಿಲು ತಳ್ಳಿದರೆ ಗೂಡಿಗೆ ಬರುತ್ತೀರಿ, ಬಾಗಿಲು ಹಿಂದೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಕಾರ್ಡು ತೋರಿಸದೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬೆಂಕಿ ಗಿಂಕಿ ಬಿದ್ದರೆ ಒತ್ತಲು ಹೊರಗೆ ವಾಚ್‌ಮನ್ ಹತ್ತಿರ ಒಂದು ಗುಂಡಿ.

ಮೊದಲು ಸಿಕ್ಕಿಬಿದ್ದವರು ಸಾಹೇಬರೇ. ವಾಚ್‌ಮನ್ ವಿಜಯಪುರದ ಕಡೆಯ ಚಾಚಾ, ಮಾತು ಮೆತ್ತಗೆ, ಕೆಲಸ ಕಟ್ಟುನಿಟ್ಟು. ಸಾಹೇಬರು ಗಾಜು ಬಡಿದರು. “ನಾನು ಕಣಯ್ಯ, ಸಾಹೇಬ! ಗುಂಡಿ ಒತ್ತು!”

“ಬೆಂಕಿ ಬಿದ್ದೈತೇನ್ರಿ?”

“ಬೆಂಕಿ ಎಲ್ಲಿ ಬಂತು? ನಾನು ಯಾರು ಅಂತ ಗೊತ್ತಿಲ್ವಾ?”

ಚಾಚಾ ಕೈ ಮುಗಿದ. “ನೀವು ಸಾಹೇಬ್ರಂತ ನನಗ ಗೊತ್ತೈತ್ರಿ. ಬಾಗಲಕ್ಕ ಗೊತ್ತಿಲ್ಲ.”

ಪಾಸ್! ಪಾಸ್!

ಸಾಹೇಬರಿಗೆ ಸಿಟ್ಟು ಇಳಿಯಲಿಲ್ಲ. “ತಪಾಸಣೆಗೆ ದೊಡ್ಡ ಅಧಿಕಾರಿ ಬರ್ತಿದಾರೆ. ನಿಮ್ಮ ಪಂಜರ ತೆಗೆಸಿ ಅಂತ ಅವರಿಗೇ ಬರೆದಿದೀನಿ. ಅವರು ಫೇಲ್ ಅಂದ್ರೆ ಪಂಜರವೂ ಹೋಯ್ತು, ನಿಮ್ಮ ಕಂಟ್ರಾಕ್ಟೂ ಹೋಯ್ತು. ಈಗಲೇ ಕಿತ್ತುಬಿಡಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

“ಕಿತ್ತರೆ ಎರಡನ್ನೂ ಒಟ್ಟಿಗೇ ಕೀಳಲಿ ಸಾರ್. ನಾನಾಗಿ ಮುಟ್ಟಲ್ಲ,” ಅಂದೆ. ಬಾಯಲ್ಲೇನೋ ಅಂದುಬಿಟ್ಟೆ, ಆದರೆ ನನಗಿದ್ದ ದೊಡ್ಡ ಕೆಲಸ ಅದೊಂದೇ.

ಅಧಿಕಾರಿ ಬಂದರು. ಜೊತೆಗೆ ಬರೆದುಕೊಳ್ಳಲು ಒಬ್ಬ ಸಹಾಯಕ. ಇಬ್ಬರೂ ಹಿಂದಿಯವರು. ಅಧಿಕಾರಿ ಒಬ್ಬರ ಕಾರ್ಡನ್ನು ಇನ್ನೊಬ್ಬರ ಕಂಪ್ಯೂಟರಿಗೆ ಹಾಕಿ ನೋಡಿದರು, ಪೆನ್‌ಡ್ರೈವ್ ತೂರಿಸಲು ನೋಡಿದರು, ತಂತಿ ಎಳೆದರು. ಏನೂ ತೆರೆಯಲಿಲ್ಲ. ಮುಖ ಸಣ್ಣದಾಯಿತು. ಆಮೇಲೆ ತಪಾಸಣೆಗೆಂದು ತಮಗೆ ಕೊಟ್ಟಿದ್ದ ಕಾರ್ಡು ಹಾಕಿಕೊಂಡು ಕೂತು ಚಹಾದ ಮೇಲೆ ಚಹಾ ಕುಡಿಯುತ್ತಾ ತಪ್ಪು ಹುಡುಕಿದರು. “ಗೂಡಿನ ವಿಷಯ ಕೊನೆಗೆ ಹೇಳ್ತೀನಿ,” ಅಂದರು. ಸಾಹೇಬರು ನನ್ನ ಕಡೆ ನೋಡಿ ಮುಗುಳ್ನಕ್ಕರು.

ಅಷ್ಟು ಚಹಾ ಸುಮ್ಮನಿರುತ್ತದೆಯೇ? ಅಧಿಕಾರಿ ತಟ್ಟನೆ ಎದ್ದು, ಒಳಬಾಗಿಲು ತಳ್ಳಿಕೊಂಡು, ಹೊರಗಿನ ಟಾಯ್ಲೆಟ್ಟಿನ ಕಡೆಗೆ ಹೊರಟರು. ಕಾರ್ಡು ಕೀಬೋರ್ಡಿನಲ್ಲೇ ಉಳಿಯಿತು.

ಗೂಡು ಮುಚ್ಚಿಕೊಂಡಿತು. ಅಧಿಕಾರಿ ಎದೆ ಮುಟ್ಟಿ ನೋಡಿಕೊಂಡರು, ಜೇಬು ಮುಟ್ಟಿ ನೋಡಿಕೊಂಡರು. ಆಮೇಲೆ ಗಾಜು ಬಡಿಯುತ್ತಾ ಕೂಗಲು ಶುರುಮಾಡಿದರು: “ಪಾಸ್! ಪಾಸ್!” ದಪ್ಪ ಗಾಜನ್ನು ದಾಟಿ ಬಂದದ್ದು ಅದೊಂದೇ ಮಾತು.

ಹಿಂದಿಯಲ್ಲಿ ‘ಪಾಸ್’ ಅಂದರೆ ಹತ್ತಿರ. ಹೊರಗಿದ್ದ ಚಾಚಾ ತನ್ನನ್ನು ಹತ್ತಿರ ಕರೆಯುತ್ತಿದ್ದಾರೆಂದು ಒಂದು ಹೆಜ್ಜೆ ಮುಂದೆ ಬಂದ. “ಪಾಸ್! ಪಾಸ್!” ಇನ್ನೊಂದು ಹೆಜ್ಜೆ ಬಂದ. ಕೊನೆಗೆ ಗಾಜಿಗೆ ಮೂಗು ತಾಗಿಸಿ ವಿನಯದಿಂದ ನಿಂತ.

ಒಳಗಿದ್ದ ಸಹಾಯಕನಿಗೂ ಕೇಳಿಸಿತು. ಅವನು ತಲೆದೂಗಿ ಪೆನ್ನು ತೆರೆದ. ಗಾಜಿನ ಗೂಡು: ಪಾಸ್. ಕಾರ್ಡು: ಪಾಸ್. ಕೂಗು ನಿಲ್ಲದ್ದರಿಂದ ಮಿಕ್ಕದ್ದಕ್ಕೆಲ್ಲ ಪಾಸ್ ಬರೆದುಕೊಂಡೇ ಹೋದ.

ಅವರು ಕೇಳುತ್ತಿರುವುದು ಕಾರ್ಡನ್ನು ಎಂದು ಹೊಳೆದದ್ದು ಸಾಹೇಬರಿಗೂ ನನಗೂ ಮಾತ್ರ. ಸಾಹೇಬರು ತಾವೂ ಅಲ್ಲಿ ನಿಂತವರಲ್ಲವೇ? ಕುರ್ಚಿಗೆ ಒರಗಿ, “ಸ್ವಲ್ಪ ಹೊತ್ತು ಇರಲಿ ಬಿಡಿ ಮೇಡಂ,” ಅಂದರು.

ಆದರೆ ಅಧಿಕಾರಿ ಕುಣಿಯಲು ಶುರುಮಾಡಿದ್ದರು. ನಾನು ಕೀಬೋರ್ಡಿನಿಂದ ಕಾರ್ಡು ಕಿತ್ತು ಒಳಬಾಗಿಲ ಕೆಳಗಿನ ಸಂದಿಯಿಂದ ತೂರಿಸಿದೆ. ಹೊರಬಾಗಿಲು ತೆರೆಯಿತು. ಚಾಚಾನನ್ನು ಅತ್ತ ತಳ್ಳಿ ಅಧಿಕಾರಿ ಓಡಿದರು.

ತಿರುಗಿ ಬಂದಾಗ ಸಹಾಯಕ ವರದಿ ಮುಂದಿಟ್ಟ. ಅವರು ಹುಬ್ಬು ಗಂಟಿಕ್ಕಿದರು.

“ಪಾಸ್ ಅಂತ ಯಾರು ಹೇಳಿದ್ದು?”

“ನೀವೇ ಸರ್. ಗಾಜು ಬಡಿದು ಬಡಿದು ಹೇಳಿದ್ರಿ. ನೀವು ಅಷ್ಟು ಖುಷಿಯಾಗಿದ್ದದ್ದು ನಾನು ಯಾವತ್ತೂ ನೋಡಿಲ್ಲ.”

ಅಧಿಕಾರಿ ವರದಿ ನೋಡಿದರು, ಗೂಡು ನೋಡಿದರು, ನನ್ನನ್ನು ನೋಡಿದರು. ಫೇಲ್ ಎಂದು ತಿದ್ದಬೇಕಾದರೆ ಕೂಗಿದ್ದು ಯಾಕೆಂದು ಬರೆಯಬೇಕು. ತುಟಿ ಬಿಗಿಹಿಡಿದು ಸಹಿ ಹಾಕಿದರು.

ನಾನು ಹೊರಗೆ ಬಂದಾಗ ಚಾಚಾ ಇನ್ನೂ ಮೂಗು ಉಜ್ಜಿಕೊಳ್ಳುತ್ತಿದ್ದ. ದನಿ ತಗ್ಗಿಸಿ ಕೇಳಿದ: “ಅಕ್ಕಾರ, ಅಷ್ಟ ಹತ್ರ ಕರದ್ರು, ಏನೂ ಹೇಳದ ಓಡಿಬಿಟ್ರಲ್ರಿ. ಏನ್ ಹೇಳಾವ್ರಿದ್ರು?”

“ಅದು ಗುಪ್ತ ಮಾಹಿತಿ ಚಾಚಾ,” ಅಂದೆ. “ಅದನ್ನ ತಡಕೊಳ್ಳೋದು ಅವರಿಗೇ ಕಷ್ಟ ಆಗಿತ್ತು.”