ಅಪ್ಪನ ಕೆಮ್ಮಿಗೆ ಎರಡು ಸಾಕ್ಷಿ

ಚರ್ಚಾಸ್ಪರ್ಧೆಯಲ್ಲಿ ಗೆದ್ದವರನ್ನು ಮನೆಯಲ್ಲಿಟ್ಟುಕೊಳ್ಳುವುದು ಸುಲಭವಲ್ಲ. ಶಿಕಾರಿಪುರದ ಕಾಲೇಜಿನಲ್ಲಿ ನಾನು ಗೆದ್ದ ಕಪ್‌ಗಳಲ್ಲಿ ಅಮ್ಮ ಸಾಸಿವೆ, ಜೀರಿಗೆ ತುಂಬಿಟ್ಟಿದ್ದಾಳೆ. "ಇವಾದ್ರೂ ಎದುರು ಮಾತಾಡಲ್ಲ" ಎನ್ನುತ್ತಾಳೆ. ಒಗ್ಗರಣೆಗೆ ಯಾವುದು ಮೊದಲು ಎಂಬುದಕ್ಕೂ ಪುರಾವೆ ಕೇಳುವವಳು ನಾನು. ಹೀಗಿರುವಾಗ ಸೊರಬದ ಬಸ್ ನಿಲ್ದಾಣದ ಎದುರು ಬಟ್ಟೆ ಅಂಗಡಿ ಇಟ್ಟಿರುವ ಅಪ್ಪನಿಗೆ ಕೆಮ್ಮು ಹತ್ತಿತು. ಸೀರೆಯ ಬೆಲೆ ಹೇಳುವಾಗ ನಡುವೆ ಕೆಮ್ಮಿದರೆ ಗಿರಾಕಿಗಳು ಅದನ್ನು ಅಳುಕೆಂದು ತಿಳಿದು ಇನ್ನಷ್ಟು ಇಳಿಸಿ ಕೇಳುತ್ತಿದ್ದರು.

ಶಿಕಾರಿಪುರದ ಡಾಕ್ಟರು ಎಕ್ಸ್‌ರೇ ತೆಗೆಸಿ ಟ್ಯೂಬ್‌ಲೈಟಿಗೆ ಹಿಡಿದರು. ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಮೋಡದಂಥ ಕಲೆ. "ಟಿಬಿ ಅನುಮಾನ" ಎಂದರು. ಅಪ್ಪನ ಮುಖ ಬಿಳಿಚಿಕೊಂಡಿತು. ನಾನು ಎದ್ದು ನಿಂತೆ. "ಸರ್, ಇದು ಬರೀ ನೆರಳು. ಹಳೇ ಗಾಯದ ಕಲೆನೂ ಆಗಿರಬಹುದಲ್ವಾ?"

"ಆಗಿರಬಹುದು ಕಣಮ್ಮ" ಎಂದು ಡಾಕ್ಟರು ನಕ್ಕರು. ಶಿವಮೊಗ್ಗದ ಲ್ಯಾಬಿನಲ್ಲಿ ಕಫಕ್ಕೆ ಬಣ್ಣ ಹಾಕಿ, ವಿಶೇಷ ಬೆಳಕಿನ ಮೈಕ್ರೋಸ್ಕೋಪಿನಲ್ಲಿಟ್ಟರೆ ರೋಗಾಣು ಕತ್ತಲಲ್ಲಿ ಹಳದಿಯಾಗಿ ಹೊಳೆಯುತ್ತದಂತೆ. "ಎಕ್ಸ್‌ರೇ ಕಳ್ಳ ಎಲ್ಲಿದಾನೆ ಅಂತ ಹೇಳುತ್ತೆ, ಯಾರು ಅಂತ ಹೇಳಲ್ಲ. ಮೈಕ್ರೋಸ್ಕೋಪು ಯಾರು ಅಂತ ಹೇಳುತ್ತೆ, ಎಲ್ಲಿದಾನೆ ಅಂತ ಹೇಳಲ್ಲ. ಇಬ್ಬರನ್ನೂ ಕೇಳಣ."

ಎರಡು ಸಾಕ್ಷಿ! ನನಗಿನ್ನೇನು ಬೇಕು? ಅಪ್ಪನ ಕಫದ ಡಬ್ಬಿ ಹಿಡಿದು ಶಿವಮೊಗ್ಗದ ಬಸ್ ಹತ್ತಿದೆ. ಲ್ಯಾಬಿನವರು ಕರೆದು ತೋರಿಸಿದರು. ಇಣುಕಿದರೆ ದೀಪಾವಳಿ! ಎಲ್ಲಿ ನೋಡಿದರೂ ಹೊಳಪು. "ಇಷ್ಟೊಂದಾ?" ಎಂದು ಚೀರಿದೆ.

"ಗಾಬರಿಯಾಗಬೇಡ್ರೀ, ರೋಗಾಣು ಸಣ್ಣ ಗೆರೆ ಇದ್ದಂಗಿರುತ್ತೆ. ಇದು ಎಲೆ ಅಡಿಕೆ ಚೂರು. ಅದೂ ಹೊಳೆಯುತ್ತೆ. ನಿಮ್ಮಪ್ಪ ಕವಳ ಹಾಕ್ಕೊಂಡೇ ಉಗುಳಿದಾರೆ" ಎಂದರು ಲ್ಯಾಬಿನವರು.

ಮನೆಯಲ್ಲಿ ಅಪ್ಪನನ್ನು ವಿಚಾರಿಸಿದೆ. "ಬರೀ ಬಾಯಲ್ಲಿ ಕೆಮ್ಮೋಕಾಗುತ್ತೇನೇ?" ಎಂದರು. ಮರುದಿನ ಬೆಳಿಗ್ಗೆ ಅಮ್ಮ ಸುಣ್ಣದ ಡಬ್ಬಿಯನ್ನೇ ಬಚ್ಚಿಟ್ಟು, ಅಪ್ಪನಿಂದ ಬಾಯಿ ಮುಕ್ಕಳಿಸಿಸಿ, ಎದುರೇ ನಿಂತು ಕಫ ಹಿಡಿಸಿದಳು. ಈ ಸಲ ಮೈಕ್ರೋಸ್ಕೋಪಿನಲ್ಲಿ ಕಡುಗತ್ತಲು, ನಡುವೆ ಅಲ್ಲಲ್ಲಿ ತೆಳ್ಳಗಿನ ಹಳದಿ ಗೆರೆಗಳು. ವರದಿ ಹಿಡಿದು ಶಿಕಾರಿಪುರದ ಡಾಕ್ಟರ ಬಳಿಗೆ ಓಡಿದೆ.

"ಇಬ್ಬರೂ ಒಂದೇ ಮಾತು ಹೇಳ್ತಿದಾರೆ" ಎಂದರು ಡಾಕ್ಟರು. "ಯಾರು ಅಂತ ಗೊತ್ತಾಯ್ತಲ್ಲ, ಇನ್ನು ಔಷಧಿನೂ ಗೊತ್ತು. ಖಂಡಿತ ವಾಸಿಯಾಗುತ್ತೆ. ಮಾತ್ರೆ ಮಾತ್ರ ನಡುವೆ ಬಿಡಂಗಿಲ್ಲ. ಮುಗಿಯೋವರೆಗೆ ಕವಳನೂ ಬೇಡ."

ಅಪ್ಪ ಬಿಡುವವರೇ? ಕೆಮ್ಮು ನಿಂತದ್ದೇ ತಡ, "ಗುಣ ಆಯ್ತಲ್ಲ, ಇನ್ಯಾಕೆ ಮಾತ್ರೆ?" ಎಂದು ಶುರುಮಾಡಿದರು. "ಗುಣ ಆಗಿದ್ದಕ್ಕೂ ಎರಡು ಸಾಕ್ಷಿ ಬೇಕು, ಅಪ್ಪ" ಎಂದು ದಿನವೂ ಎದುರು ಕೂತು ನುಂಗಿಸಿದೆ. ನನ್ನ ಚರ್ಚಾಪಟುತ್ವ ಮನೆಗೆ ಉಪಯೋಗಕ್ಕೆ ಬಂದದ್ದು ಆಗಲೇ.

ಕೊನೆಗೆ ಮಾತ್ರೆ ಮುಗಿದವು. ಹೊಸ ಎಕ್ಸ್‌ರೇಯಲ್ಲಿ ಮೋಡ ಚದುರಿತ್ತು. ಲ್ಯಾಬಿನ ಕತ್ತಲಲ್ಲಿ ಒಂದು ಗೆರೆಯೂ ಇರಲಿಲ್ಲ. ಅಪ್ಪ ಜಗಲಿಯ ಮೇಲೆ ಜಡ್ಜ್ ಥರ ಕೂತರು. "ಎರಡೂ ಸಾಕ್ಷಿ ನನ್ನ ಕಡೆ. ಹೋಗೇ, ಎಲೆ ತಟ್ಟೆ ತಾ." ನಾನು ಎದುರು ವಾದಿಸಲೆಂದು ಅಮ್ಮ ನನ್ನತ್ತ ನೋಡಿದಳು. ನಾನು ಹುಟ್ಟಿದಾಗಿನಿಂದ ಅವಳು ಹಾಗೆ ನೋಡಿದ್ದು ಅದೇ ಮೊದಲು. ನಾನು ತೆಪ್ಪಗೆ ಒಳಹೋಗಿ ಸುಣ್ಣದ ಡಬ್ಬಿ ಹುಡುಕಿದೆ. ಅದು ನನ್ನ ದೊಡ್ಡ ಕಪ್‌ನಲ್ಲಿ, ಜೀರಿಗೆಯ ಅಡಿಯಲ್ಲಿತ್ತು.