ಫೋಟೋದಾಗ ಕೈ ಬರಬಾರದು

ನಗಬಾರದ ಹೊತ್ತಿನ್ಯಾಗ ನಗಿ ಬರೂದು ನಮ್ಮ ಮನಿತನಕ್ಕ ಅಂಟಿದ ಜಡ್ಡು. ನಮ್ಮ ಮಾವ ತೀರಿಕೊಂಡ ದಿನ ಓಣಿಗೆ ಓಣಿನೇ ಅಳಾಕತ್ತಿತ್ತು. ಅಷ್ಟೊತ್ತಿಗೆ ಭಜನಿಯವ್ರ ಹಾರ್ಮೋನಿಯಂ ಪೆಟಗಿಯೊಳಗಿಂದ ಒಂದು ಇಲಿ ಹೊರಬಿದ್ದು, ಸೀದಾ ಹಾಡವನ ಧೋತರದಾಗ ಹೊಕ್ತು. ನಾವೆಲ್ಲಾ ಸೆರಗು ಬಾಯಾಗಿಟ್ಟು ನಗೂದು ನೋಡಿ ಜನ, ‘ಪಾಪ, ದುಃಖ ತಡಕೊಳ್ಳಾಕ ಆಗವಲ್ದು’ ಅಂತ ಬೆನ್ನು ಸವರಿದ್ರು. ಹಿಂತಾವು ನಮಗ ಆಗ್ತಾನ ಇರ್ತಾವು. ಆದ್ರ ಎರಡನೇ ಶನಿವಾರ, ಐತವಾರ ಕೂಡಿಸಿ ಅತ್ತಿನ್ನ ಸುತ್ತಾಡಿಸಾಕ ಕರಕೊಂಡು ಹೋಗಿದ್ವಲ್ಲ, ಅದರ ಮುಂದ ಆ ಇಲಿ ಏನೂ ಅಲ್ಲ.

ಗ್ಯಾಸ್ಟ್ರಿಕ್

ಅತ್ತಿಗೆ ಹೊಟ್ಟಿನೋವು ಸುರುವಾಗಿತ್ತು. ಸಿಂಧನೂರಿನ ಗುಳಗಿ ಯಾವೂ ನಾಟಲಿಲ್ಲ. ರಾಯಚೂರಿಗೆ ಕರಕೊಂಡು ಹೋದ್ರ ಡಾಕ್ಟರು ಅತ್ತಿನ್ನ ಹೊರಗ ಕುಂದ್ರಿಸಿ, ನಮ್ಮನಿಯವ್ರನ್ನೂ ನನ್ನೂ ಒಳಗ ಕರದ್ರು.

“ಕೈ ಮೀರೇತ್ರಿ. ಆಪರೇಶನ್ ಮಾಡಿ ಉಪಯೋಗಿಲ್ಲ. ಏನು ತಿಂತೀನಿ ಅಂತಾರ ತಿನ್ನಸ್ರಿ, ಎಲ್ಲಿ ಹೋಗ್ತೀನಿ ಅಂತಾರ ಕರಕೊಂಡು ಹೋಗ್ರಿ” ಅಂದ್ರು.

ನಮ್ಮ ಕಡೆ ಒಂದು ಪದ್ಧತಿ ಐತಿ. ಜಡ್ಡಾದವ್ರಿಗೊಬ್ಬರಿಗೆ ಬಿಟ್ಟು ಊರಿಗೆಲ್ಲಾ ಜಡ್ಡಿನ ಸುದ್ದಿ ಹೇಳೂದು. ನಾವೂ ಹಂಗ ಮಾಡಿದ್ವಿ. ಅತ್ತಿಗೆ ‘ಗ್ಯಾಸ್ಟ್ರಿಕ್’ ಅಂದ್ವಿ, ಬಾಕಿಯವ್ರಿಗೆ ಖರೇ ಹೇಳಿದ್ವಿ. ಮರುದಿನದಿಂದ ಮನಿಗೆ ಮಂದಿ ಬರಾಕ ಸುರುವಾದ್ರು. ಬಂದವ್ರೆಲ್ಲಾ ಬಾಳೆಹಣ್ಣು, ಬ್ರೆಡ್ಡು ತರೂದು, ಅತ್ತಿ ಮುಖಾ ನೋಡಿ ಉಸಿರು ಹಾಕೂದು.

ಸಂಜಿಕ ಅತ್ತಿ ನನ್ನ ಕರದು ಕೇಳಿದ್ಳು: “ಏನಬೇ, ಗ್ಯಾಸಿಗೆ ಇಷ್ಟು ಬಾಳೆಹಣ್ಣೇನು? ತುರ್ವಿಹಾಳದ ಮುದುಕಿ ನನ್ನ ಕೈ ಹಿಡಕೊಂಡು ಗೊಳೋ ಅಂತ ಅತ್ತು ಹೋದ್ಳು. ಅಕಿಗೂ ಗ್ಯಾಸೇನು?”

ಗೋಡಿ ಮ್ಯಾಲಿನ ಮೂರನೇ ಕೈ

ಆ ವಾರದಾಗ ಅತ್ತಿನೇ ಬಾಯಿಬಿಟ್ಟು ಮಗನ್ನ ಕೇಳಿದ್ಳು. “ತಮ್ಮಾ, ಮಸ್ಕಿ ಕಲ್ಲು, ಮುದಗಲ್ ಕೋಟಿ, ಜಲದುರ್ಗ ತೋರಿಸ್ಕೊಂಡು ಬಾರಪ್ಪ. ಹುಟ್ಟಿದಾಗಿಂದ ಬಸ್ಸಿನ ಕಿಟಕ್ಯಾಗಿಂದ ಬೋರ್ಡ್ ನೋಡೂದೇ ಆತು” ಅಂದ್ಳು. ನಮ್ಮನಿಯವ್ರು ಅವತ್ತೇ ಕ್ರೂಸರ್ ಮಾತಾಡಿ ಬಂದ್ರು. ಆದ್ರ ಅತ್ತಿ ಒಂದು ಕರಾರು ಹಾಕಿದ್ಳು. ಹೋದಲ್ಲೆಲ್ಲಾ ತನ್ನ ಒಬ್ಬಾಕಿದೇ ಫೋಟೋ ತಗೀಬೇಕು, ಅದರಾಗ ಬ್ಯಾರೆ ಯಾರ ಕೈಯೂ ಬರಬಾರದು.

ಈ ಕೈಯಿನ ಕಥಿ ಹೇಳದಿದ್ರ ಮುಂದಿಂದು ತಿಳಿಯಂಗಿಲ್ಲ. ನಮ್ಮ ಮಾವ ಬದುಕಿದ್ದಾಗ ಒಬ್ಬರೇ ನಿಂತು ಫೋಟೋ ತಗಸಿಕೊಂಡವ್ರಲ್ಲ. ಒಮ್ಮಿಂದೊಮ್ಮೆಲೆ ತೀರಿಕೊಂಡಾಗ ಕಟ್ಟು ಹಾಕ್ಸಿ ಗೋಡಿಗೆ ತೂಗಹಾಕಾಕ ಒಂದು ಫೋಟೋ ಇಲ್ಲ. ಕಡೀಕ ನಾದಿನಿ ಲಗ್ನದ ಗುಂಪು ಫೋಟೋದಾಗಿಂದ ಮಾವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿದ್ವಿ. ಆ ಫೋಟೋದಾಗ ಬಾಜೂಕ ನಿಂತಿದ್ದ ಮಾವನ ಷಡ್ಡಕ, ಅಂದ್ರ ಅತ್ತಿಯ ತಂಗಿ ಗಂಡ, ಮಾವನ ಹೆಗಲ ಮ್ಯಾಲೆ ಕೈ ಹಾಕಿದ್ದ. ಷಡ್ಡಕನ್ನ ತಗದ್ವಿ, ಕೈ ಉಳೀತು. ಲಗ್ನ ಆದ ಮ್ಯಾಲೆ ಆ ಇಬ್ಬರೂ ದಢೇಸುಗೂರಿನ ಗದ್ದಿಗೆ ಕಾಲುವಿ ನೀರು ಬಿಡೂ ಪಾಳೇದ ಮ್ಯಾಲೆ ಜಗಳಾಡಿ, ಮಾವ ಸಾಯೂತನಕ ಮಾತಾಡಿದ್ದಿಲ್ಲ.

ಅತ್ತಿ ದಿನಾ ಮುಂಜಾನೆ ಫೋಟೋಕ್ಕ ಊದಿನಕಡ್ಡಿ ಬೆಳಗುವಾಗ ಆ ಕೈನ್ನ ಬೈತಿದ್ಳು. “ಬದುಕಿದ್ದವ್ರ ಫೋಟೋಕ್ಕ ಹಾರ ಹಾಕಿದ್ರ ಆಯುಷ್ಯ ಕಮ್ಮಿ ಆಗ್ತೈತಿ ಅಂತಾರ. ಇಷ್ಟು ವರ್ಷಾತು ಹಾಕಾಕತ್ತೀನಿ, ಮೂಳಂದು ಗಟ್ಟಿಮುಟ್ಟ್ಯಾಗೇ ಐತಿ!”

ಹೆಸರಿದ್ದ ರಾಜ

ಮಸ್ಕಿಯಾಗ ಕಾವಲುಗಾರ ಅಶೋಕನ ಕಲ್ಲು ತೋರಿಸಿದ. “ಮುದಕವ್ವಾ, ಇಡೀ ದೇಶ ಆಳಿದ ರಾಜಾ. ಅವನ ಹೆಸರೇ ಇಲ್ಲಿ ಕೊರದಾರ. ಬ್ಯಾರೆ ಕಲ್ಲಿನ್ಯಾಗ ಬರೇ ಬಿರುದು ಇತ್ತು, ಈ ಕಲ್ಲು ಸಿಕ್ಕ ಮ್ಯಾಲೇ ಆ ಬಿರುದಿನವ ಇಂವನೇ ಅಂತ ಖಾತ್ರಿ ಆಗಿದ್ದು” ಅಂದ.

ಅತ್ತಿ ಕಬ್ಬಿಣದ ಜಾಳಗಿಗೆ ಮುಖಾ ಹಚ್ಚಿ ನೋಡಿದ್ಳು. “ಹೆಸರಷ್ಟೇ? ಫೋಟೋ ಇಲ್ಲೇನು?”

“ಆವಾಗ ಫೋಟೋ ಎಲ್ಲಿತ್ತು ಯವ್ವಾ” ಅಂದ್ರು ನಮ್ಮನಿಯವ್ರು.

“ಅಯ್ಯ, ಪಾಪ” ಅಂತ ಅತ್ತಿ ಲೊಚಗುಟ್ಟಿದ್ಳು. ಸ್ವಂತ ಅಣ್ಣ ಸತ್ತಾಗ ಲೊಚಗುಟ್ಟಿದಂಗಿತ್ತು. ಆಮೇಲೆ ಅಲ್ಲೇ ನಿಂತು ಫೋಟೋ ತಗಸಿಕೊಂಡು, ಮೊಬೈಲ್ ಇಸಗೊಂಡು ನೋಡಿದ್ಳು. “ಬ್ಯಾಡ ತಗಿ. ಹಿಂದ ಜಾಳಗಿ ಬಂದೈತಿ. ಜೇಲಿನ್ಯಾಗಿದ್ದಂಗ ಕಾಣ್ತೀನಿ.”

ಅಲ್ಲೇ ಊರಾಗ ಮಲ್ಲಿಕಾರ್ಜುನನ ಗುಡಿ ಇರೂ ಗುಡ್ಡ ಹತ್ತಾಕ ಅಕಿ ಕೈಲೆ ಆಗಲಿಲ್ಲ. ನಮ್ಮನಿಯವ್ರು, “ನಾ ಹೊತಗೊಂಡು ಹೋಗ್ತೀನಿ ಬಾ ಯವ್ವಾ” ಅಂತ ಬೆನ್ನು ಬಗ್ಗಿಸಿ ಕುಂತ್ರು. ನೀರಿನ ಕೊಡ ಎತ್ತಂದ್ರ ಸೊಂಟಾ ಹಿಡೀತೈತಿ ಅನ್ನೂ ಮನುಷ್ಯ! ಅತ್ತಿ ಮಗನ ಬೆನ್ನು ನೋಡಿದ್ಳು, ಗುಡ್ಡ ನೋಡಿದ್ಳು.

“ಬ್ಯಾಡಪ್ಪ, ಒಂದೇ ದಿನ ಇಬ್ಬರೂ ಹೋದ್ರ ಮನ್ಯಾಗ ಅಡಚಣಿ ಆಗ್ತೈತಿ” ಅಂತ ಕೆಳಗಿಂದನೇ ಕೈ ಮುಗದ್ಳು.

ಮುದಗಲ್ ಧೂಳು

ನಾದಿನಿನ್ನ ಲಿಂಗಸುಗೂರಿಗೆ ಕೊಟ್ಟೀವಿ. ಅಕಿ ಬಸ್ ಹಿಡದು ಮುದಗಲ್ಲಿಗೆ ಬಂದು ಕೋಟಿ ಬಾಗಿಲ್ದಾಗ ನಿಂತಿದ್ಳು. “ಅವ್ವನ ಮುಂದ ಕಣ್ಣೀರು ಹಾಕಬ್ಯಾಡಬೇ” ಅಂತ ಫೋನ್ ಮಾಡಿ ಹೇಳಿ ಹೇಳಿ ನನ್ನ ನಾಲಿಗಿ ಸವದಿತ್ತು. ಅವ್ವ ಗಾಡಿ ಇಳಿಯೂದು ತಡ, ಅತ್ಳು.

“ಯಾಕ?” ಅಂದ್ಳು ಅತ್ತಿ.

“ಕಣ್ಣಾಗ ಧೂಳು ಬಿತ್ತು ಯವ್ವಾ.”

ಕಂದಕ ನೋಡಿ ಅತ್ಳು, ಧೂಳು. ತೋಪು ನೋಡಿ ಅತ್ಳು, ಬಿಸಲು. ಕೋಟಿ ನೋಡಾಕ ಬಂದ ಬ್ಯಾರೆ ಮಂದಿ, ಯಾವುದೋ ರಾಜನ ವಂಶದಾಕಿ ಇರಬೇಕು ಅಂತ ದಾರಿ ಬಿಟ್ಟು ನಿಂತ್ರು.

ಆಮೇಲೆ ಎಲ್ಲಾರೂ ಬಸ್ ಸ್ಟ್ಯಾಂಡ್ ಕಡೆ ಮಿರ್ಚಿ ಬಂಡಿ ಮುಂದ ಕುಂತ್ವಿ. ಹೊಟ್ಟಿನೋವು ಬಂದಾಗಿಂದ ಅತ್ತಿಗೆ ಎಣ್ಣಿ ಪದಾರ್ಥ ಮುಟ್ಟಾಕ ಬಿಡದಾಕಿ ನಾನು. ಅವತ್ತು ನಾನೇ ಎದ್ದು ಹೋಗಿ ಬಿಸಿಬಿಸಿ ಮಿರ್ಚಿ ತಂದುಕೊಟ್ಟೆ. ನಮ್ಮನಿಯವ್ರು ಬ್ಯಾರೆ, “ಇನ್ನೊಂದು ಪ್ಲೇಟ್ ತರ್ಲೇನು ಯವ್ವಾ?” ಅಂತ ಕೇಳಿದ್ರು. ಅತ್ತಿ ಅರ್ಧಾ ಮಿರ್ಚಿ ತಿಂದ್ಳು. ಉಳಿದಿದ್ದು ಒಳಗ ಹೋಗಲಿಲ್ಲ, ಕೈಯಾಗ ಹಿಡಕೊಂಡೇ ಕುಂತ್ಳು. ಮಿರ್ಚಿ ಅಂದ್ರ ಜೀವಾ ಬಿಡತಿದ್ದ ಹೆಣ್ಮಗಳು ಅಕಿ.

ಬಾಜೂಕ ನಾದಿನಿ ಮತ್ತ ಸುರುಸುರು ಅಂದ್ಳು.

“ಈಗ್ಯಾಕ ಅಳ್ತೀ?”

“ಮಿರ್ಚಿ ಭಾಳ ಖಾರ ಐತಿ ಯವ್ವಾ.”

“ನಿನಗಿನ್ನೂ ಕೊಟ್ಟೇ ಇಲ್ಲಲೇ” ಅಂದ್ಳು ಅತ್ತಿ.

ಜಲದುರ್ಗದ ಬುರುಜು

ರಾತ್ರಿ ನಾದಿನಿ ಮನ್ಯಾಗ ಮಲಗಿ, ಐತವಾರ ಮುಂಜಾನೆ ಬುತ್ತಿ ಕಟಗೊಂಡು ಜಲದುರ್ಗಕ್ಕ ಹೋದ್ವಿ. ಕುಂತು ಕುಂತು ಅತ್ತಿ ಮ್ಯಾಲಿನ ಬುರುಜಿನ ತನಕ ನಡದ್ಳು. ಕೆಳಗ ಇಣಿಕಿದ್ರ ಕೃಷ್ಣಾ ಹೊಳಿ, ನಡುವ ಬರೇ ಗಾಳಿ.

ನಮ್ಮ ಕ್ರೂಸರ್ ಡ್ರೈವರ್, ಕಾಲುವಿ ನೀರಿಗೆ ವಲಸಿ ಬಂದು ನೆಲಸಿದವ್ರ ಕ್ಯಾಂಪಿನ ತೆಲುಗು ಮನುಷ್ಯ. ಅಂವಗ ಅತ್ತಿ ಜಡ್ಡಿನ ಸುದ್ದಿ ಯಾರೂ ಹೇಳಿರಲಿಲ್ಲ. “ಅಮ್ಮಾ, ಹಿಂದಿನ ಕಾಲದಾಗ ಮರಣದಂಡನೆ ಆದವ್ರನ್ನ ಇಲ್ಲಿಂದನೇ ಕೆಳಗ ತಳ್ಳತಿದ್ರಂತ ನೋಡ್ರಿ” ಅಂದ.

ನಾನೂ ನಮ್ಮನಿಯವ್ರೂ ಅವನ ಮುಖಾ ನುಂಗವ್ರಂಗ ನೋಡಿದ್ವಿ. ನಾದಿನಿ ಧೂಳಿನ ಕಡೆ ತಿರುಗಿ ನಿಂತ್ಳು. ಅತ್ತಿ ಮಾತ್ರ ಕೆಳಗ ಇಣಿಕಿ, “ಭಾರಿ ಚಲೋ ಆತು ನೋಡು. ದವಾಖಾನಿ ಇಲ್ಲ, ಗುಳಗಿ ಇಲ್ಲ, ಬಾಳೆಹಣ್ಣು ತರವ್ರಿಲ್ಲ” ಅಂದ್ಳು.

ಅಂದು ಅಲ್ಲೇ ಫೋಟೋಕ್ಕ ನಿಂತ್ಳು. ಡ್ರೈವರ್ ನನ್ನ ಮೊಬೈಲ್ ಹಿಡದ. ಅಷ್ಟರಾಗ ಜೋರು ಗಾಳಿ ಬಂತು. ಸೆರಗು ಹಾರಿ ಅತ್ತಿ ತೂಗಾಡಿದ್ಳು. ಮೈಯಾಗ ಏನಿತ್ತು, ಒಣಾ ಹುಲ್ಲಿನ ಸಿವುಡು. ನಾ ಓಡಿ ಹೋಗಿ ಹೆಗಲಾ ಗಟ್ಟ್ಯಾಗಿ ಹಿಡಕೊಂಡೆ.

“ಹಿಂದ ಸರೀರಿ ಅತ್ತೀ!”

ಅತ್ತಿ ಹೊಳ್ಳಿ ನನ್ನ ಮುಖಾ ನೋಡಿದ್ಳು. “ಡ್ರೈವರಪ್ಪಾ, ಲಗೂ ಹೊಡಿ ಫೋಟೋ! ಸೊಸಿ ತಳ್ಳಾಕ ಹಿಡದಾಳೋ ಬೀಳದಂಗ ಹಿಡದಾಳೋ, ನಾಳಿಗೆ ಮಂದಿಗೆ ಸಾಕ್ಷಿ ಬೇಕಾಗ್ತೈತಿ!”

ಅಂದು ಬಾಯಿ ತುಂಬ ನಕ್ಳು. ಎಷ್ಟು ತಿಂಗಳಾಗಿತ್ತೋ ಅಕಿ ಹಂಗ ನಕ್ಕು. ಡ್ರೈವರ್ ಬರೋಬ್ಬರಿ ಅದೇ ಹೊತ್ತಿಗೆ ಫೋಟೋ ಹೊಡದ.

ಜಾಗ ಖಾಲಿ ಬಿಡ್ರಿ

ನಾದಿನಿನ್ನ ಲಿಂಗಸುಗೂರಿನ್ಯಾಗ ಇಳಿಸಿ, ಇಳಿಹೊತ್ತಿಗೆ ಸಿಂಧನೂರಿಗೆ ಬಂದ್ವಿ. ಮನಿ ಇನ್ನೂ ದೂರ ಇತ್ತು. ಅತ್ತಿ ಬಜಾರದಾಗ, “ಗಾಡಿ ನಿಂದ್ರಸಪ್ಪ” ಅಂದ್ಳು. ಇಳದು ಸೀದಾ ಫೋಟೋ ಸ್ಟುಡಿಯೋದಾಗ ಹೋದ್ಳು. ನಾವು ಹಿಂದಿಂದ ಓಡಿದ್ವಿ.

ನನ್ನ ಮೊಬೈಲ್ ಇಸಗೊಂಡು ಸ್ಟುಡಿಯೋದವ್ನ ಮುಂದಿಟ್ಟು, ಜಲದುರ್ಗದ್ದು ತೋರಿಸಿದ್ಳು. “ಇದನ್ನ ದೊಡ್ಡದು ಮಾಡಿ ಕಟ್ಟು ಹಾಕ್ರಿ. ನಮ್ಮ ಯಜಮಾನ್ರದ್ದು ಎಷ್ಟು ಐತಿ ಅಷ್ಟೇ ದೊಡ್ಡದಿರಬೇಕು.”

ಅಂವ ವ್ಯಾಪಾರದ ಮನುಷ್ಯ, ತಲಿ ಎತ್ತದ ಕೇಳಿದ: “ಕೆಳಗ ಹೆಸರು, ಜನನ, ಮರಣ ಬರೀಬೇಕೇನ್ರಿ? ಮರಣ ಯಾವತ್ತರಿ?”

“ಅದೊಂದು ಜಾಗ ಖಾಲಿ ಬಿಡ್ರಿ” ಅಂದ್ಳು ಅತ್ತಿ. “ನಮ್ಮ ಹುಡುಗ್ರು ಆಮೇಲೆ ಬಂದು ಬರಸ್ತಾರ.”

ಆಗ ಅಂವ ತಲಿ ಎತ್ತಿ ನೋಡಿದ. ಫೋಟೋ ನೋಡಿದ, ಮತ್ತ ಅತ್ತಿನ್ನ ನೋಡಿದ. ಕುರ್ಚಿ ಬಿಟ್ಟು ಎದ್ದು ನಿಂತ.

ನಮ್ಮನಿಯವ್ರು ಮುಂದ ಬಂದ್ರು. “ಯವ್ವಾ, ನಿನಗ ಯಾರು ಹೇಳಿದ್ರು?”

“ಯಾರು ಹೇಳಬೇಕಪ್ಪ? ಹೊಟ್ಟಿ ನಂದಲ್ಲೇನು? ಸೊಸಿ ಎದ್ದು ಹೋಗಿ ಮಿರ್ಚಿ ತರ್ತಾಳ, ನೀ ಗುಡ್ಡಕ್ಕ ಹೊತ್ತು ಒಯ್ತೀನಿ ಅಂತೀ. ಬದುಕವ್ರಿಗೆ ಯಾರಾದ್ರೂ ಹಿಂಗ ಮಾಡ್ತಾರೇನು?”

ಸ್ಟುಡಿಯೋದವ್ನೇ ಧೈರ್ಯ ಮಾಡಿ, “ಯವ್ವಾರ, ಹೆಗಲ ಮ್ಯಾಲೆ ಯಾರದೋ ಕೈ ಬಂದೈತಿ. ಈಗೆಲ್ಲಾ ಕಂಪ್ಯೂಟರ್ ಐತಿ, ಗೊತ್ತಾಗದಂಗ ಅಳಸ್ತೀನಿ” ಅಂದ.

ಕೈ ಬರಬಾರದು ಅಂತ ದಾರಿತುಂಬ ಬಡಕೊಂಡಾಕಿ ಅತ್ತಿ. ಅವತ್ತು ಆ ಕೈನ್ನ ಬೊಟ್ಟಿಲೆ ಮುಟ್ಟಿ ನೋಡಿದ್ಳು.

“ಇರ್ಲಿ ಬಿಡ್ರಿ” ಅಂದ್ಳು. “ಒಬ್ಬಾಕಿನೇ ಹೋಗೂದೈತಿ. ಒಂದು ಕೈಯಾದ್ರೂ ಜೋಡಿ ಇರ್ಲಿ.” ಆಮೇಲೆ ಮಗನ ಕಡೆ ತಿರುಗಿ, “ಹಾರ ಹಾಕುವಾಗ ಈ ಕೈಗೆ ತಾಗಸಬ್ಯಾಡ ಮತ್ತ. ಅಕಿ ಇನ್ನಾ ಭಾಳ ದಿನ ಇರಬೇಕು” ಅಂದ್ಳು.

ಸೊಟ್ಟ ಹಾರ

ಖಾಲಿ ಜಾಗ ಭಾಳ ದಿನ ಖಾಲಿ ಉಳೀಲಿಲ್ಲ. ಈಗ ಮಾವಂದು, ಅತ್ತಿದು ಫೋಟೋ ಬಾಜೂಬಾಜೂಕ ಅದಾವು, ಎರಡರಾಗೂ ಒಂದೊಂದು ಪರದೇಸಿ ಕೈ. ಅತ್ತಿ ಹೇಳಿದಂಗ ನಾವು ಹಾರ ನನ್ನ ಕೈ ತಪ್ಪಿಸಿ ಒಂದು ಕಡೆ ಎಳದು ಹಾಕ್ತೀವಿ. ಬಂದವ್ರು, “ಹಾರ ಸೊಟ್ಟ ಆಗೇತಿ ನೋಡ್ರಿ” ಅಂತ ಎದ್ದು ಸರಿ ಮಾಡ್ತಾರ. ಅವ್ರು ಚಾ ಕುಡದು ಹೋದ ಮ್ಯಾಲೆ ನಾ ಸ್ಟೂಲ್ ಹತ್ತಿ ಮತ್ತ ಸೊಟ್ಟ ಮಾಡ್ತೀನಿ.

ಅತ್ತಿಯ ದಿವಸ, ತಿಥಿ ಊಟ ಇದ್ದ ದಿನ ಆ ಷಡ್ಡಕ ಬಂದ. ಮಾವ ತೀರಿಕೊಂಡಾಗ ಸೈತ ನಮ್ಮ ಹೊಸ್ತಿಲ ತುಳೀದ ಮನುಷ್ಯ. ಕೋಲು ಊರಕೊಂಡು ಬಂದು ಫೋಟೋಗಳ ಮುಂದ ನಿಂತ. ಮಾವನ ಫೋಟೋದಾಗಿನ ಕೈ, ಅದರಾಗಿನ ಉಂಗುರ ನೋಡಿದ, ಆ ಮ್ಯಾಲೆ ತನ್ನ ಕೈಯಾಗಿನ ಹಳಾ ಉಂಗುರ ನೋಡಿಕೊಂಡ. ಮುಖದ ಬಣ್ಣಾನೇ ಹೋತು. ಆಮೇಲೆ ನನ್ನ ಕಡೆ ತಿರುಗಿದ.

“ಇಕಿ ಹೆಗಲ ಮ್ಯಾಲೆ ಯಾರ ಕೈ ಯವ್ವಾ?”

“ನಂದ್ರಿ.”

“ಹಾರ ಯಾಕ ಸೊಟ್ಟ ಹಾಕೀರಿ?”

“ಬದುಕಿದ್ದವ್ರ ಕೈಗೆ ತಾಗಬಾರದಂತ್ರಿ. ಅತ್ತಿ ಹೇಳಿ ಹೋಗ್ಯಾಳ.”

ಮುದುಕ, ಮಾವನ ಫೋಟೋ ಕಡೆ ಕೋಲು ಮಾಡಿದ. “ಮತ್ತ ನನ್ನ ಕೈಗ್ಯಾಕ ಇಷ್ಟು ವರ್ಷ ನೆಟ್ಟಗ ಹಾಕೀರಿ?”

ನಾ ಸೆರಗು ಬಾಯಾಗಿಟ್ಟುಕೊಂಡು ಅಡಗಿ ಮನಿಗೆ ಓಡಿದೆ. ಹಿಂದಿಂದ ಬಂದ ನಮ್ಮನಿಯವ್ರು, “ಲೇ, ಮಂದಿ ಮುಂದ ನಗಬ್ಯಾಡಬೇ” ಅಂತ ಬೆನ್ನು ಗುದ್ದಿದ್ರು. ಆದ್ರ ನಾ ಅವತ್ತು ಖರೇನ ಅಳಾಕತ್ತಿದ್ದೆ.