ಜೋಹರಾಬಿಯ ಬನ್ನಿಗೆ ಪರವಾನಗಿ

೧೯೯೮ರ ಮಾರ್ಚ್ ತಿಂಗಳಲ್ಲಿ, ಕೊಟ್ಟೂರಿನ ಜೋಹರಾಬಿಯ ಬೇಕರಿಯಲ್ಲಿ ಒಂದು ಬೋಗುಣಿ ಹಿಟ್ಟು ಗುಟ್ಟಾಗಿ ಮದ್ಯ ತಯಾರಿಸುತ್ತಿದ್ದುದು ಪತ್ತೆಯಾಯಿತು. ಪತ್ತೆ ಹಚ್ಚಿದವರು ಅಮಲು ಪದಾರ್ಥ ವಿಚಾರಣಾ ಕಛೇರಿಯ ಉಜ್ಜಿನಪ್ಪನವರು. ಆಧಾರ, ಅವರ ಮಗಳ ಶಾಲೆಯ ವಿಜ್ಞಾನ ಪುಸ್ತಕ.

“ಹಿಟ್ಟಿಗೆ ಏನು ಹಾಕೀಯಮ್ಮಾ?”

“ಈಸ್ಟ್ ರೀ ಸಾಹೇಬ್ರ. ಕಣ್ಣಿಗೆ ಕಾಣದ ಜೀವ. ಸಕ್ಕರಿ ತಿಂದು ಗ್ಯಾಸ್ ಬಿಡತಾವು, ಹಿಟ್ಟು ಉಬ್ಬತೈತಿ.”

“ಗಾಳಿ ಸಿಗಲಿಲ್ಲಂದ್ರ ಸಕ್ಕರಿ ಒಡದು ಶಕ್ತಿ ಮಾಡ್ಕೊಂತಾವು. ಆಗ ಗ್ಯಾಸಿನ ಜೊತಿಗೆ ಆಲ್ಕೋಹಾಲೂ ಹುಟ್ಟತೈತಿ. ಅದನ್ಯಾಕ ಮುಚ್ಚಿಡ್ತೀ?”

“ಅದು ಭಟ್ಟಿಯಾಗ ಹಾರಿ ಹೋಗತೈತ್ರಿ.”

ಉಜ್ಜಿನಪ್ಪ ಬರೆದುಕೊಂಡರು: ‘ಭಟ್ಟಿ ಇರುವುದನ್ನು ಒಪ್ಪಿರುತ್ತಾಳೆ. ಸಾಕ್ಷ್ಯನಾಶವನ್ನೂ ಒಪ್ಪಿರುತ್ತಾಳೆ.’

ಗಂಡ ತೀರಿದ ಮೇಲೆ ಜೋಹರಾಬಿಗೆ ಆ ಭಟ್ಟಿಯೇ ಅನ್ನ. ಉಜ್ಜಿನಪ್ಪ ಬೋಗುಣಿಗೆ ಮುಚ್ಚಳ ಬಿಗಿದು, ಬಾಗಿಲಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದಾಗ ಅವಳು ಹೊಸ್ತಿಲಲ್ಲೇ ಕೂತು ಅತ್ತಳು. ಈಸ್ಟಿಗೆ ಮಾತ್ರ ಯಾರೂ ನೋಟೀಸು ಕೊಟ್ಟಿರಲಿಲ್ಲ. ಅದು ಕೆಲಸ ಮುಂದುವರಿಸಿತು.

ಮರುದಿನ ಪಂಚನಾಮೆಗೆ ಬಂದಾಗ ಹಿಟ್ಟು ಮುಚ್ಚಳ ನೂಕಿ, ಬಾಗಿಲ ಸಂದಿಯಿಂದ ಬೀದಿಗೆ ಇಳಿದಿತ್ತು. ‘ಆರೋಪಿಗಳಿಂದ ಪರಾರಿ ಯತ್ನ’ ಎಂದು ದಾಖಲಾಯಿತು. ಘಾಟು ಮೂಗಿಗೆ ಬಡಿಯುತ್ತಿತ್ತು.

“ನಿನ್ನಿಗಿಂತ ಜಾಸ್ತಿ ಅಮಲು ಐತಲ್ಲ!” ಎಂದರು ಉಜ್ಜಿನಪ್ಪ.

“ಗಾಳಿ ಬಂದ್ ಮಾಡಿದವ್ರು ನೀವ್ರಿ,” ಎಂದಳು ಜೋಹರಾಬಿ. ಅವಳಿಗೆ ಅಳು ನಿಂತು ಧೈರ್ಯ ಬಂದಿತ್ತು. “ನನ್ನ ಕೈಯಾಗ ಕೀಲಿ ಇರಲಿಲ್ಲ. ಮದ್ಯ ಮಾಡಿದ್ದು ನಾನೋ, ನಿಮ್ಮ ಕಛೇರಿನೋ?”

ಕಛೇರಿ ತಪ್ಪು ಮಾಡಲು ನಿಯಮದಲ್ಲಿ ಅವಕಾಶವಿರಲಿಲ್ಲ. ಆದ್ದರಿಂದ ನಡೆದದ್ದೆಲ್ಲ ಕಾನೂನುಬದ್ಧವೆಂದು ತೀರ್ಮಾನಿಸಿ, ಹಿಂದಿನ ದಿನಾಂಕ ಹಾಕಿ ಬೇಕರಿಗೆ ಪರವಾನಗಿ ಕೊಡಲಾಯಿತು:

‘ಹದಿನೆಂಟು ತುಂಬದವರಿಗೆ ಬನ್ ಮಾರತಕ್ಕದ್ದಲ್ಲ. ಗಾಂಧಿ ಜಯಂತಿಯಂದು ಬ್ರೆಡ್ ನಿಷಿದ್ಧ. ಪ್ರತಿದಿನ ಎರಡು ಡಜನ್ ಬನ್ನುಗಳನ್ನು ಅಮಲು ಪರೀಕ್ಷೆಗಾಗಿ, ಚಹಾದ ವೇಳೆಗೆ ಸರಿಯಾಗಿ, ಬೆಣ್ಣೆಸಮೇತ ಹಾಜರುಪಡಿಸತಕ್ಕದ್ದು.’

ಪರೀಕ್ಷೆ ಇನ್ನೂ ಮುಗಿದಿಲ್ಲ. ಸಿಬ್ಬಂದಿ ರಜೆ ಹಾಕುವುದನ್ನು ಬಿಟ್ಟಿದ್ದಾರೆ.

ಮೊದಮೊದಲು ಗಿರಾಕಿಗಳ ವಯಸ್ಸು ಕೇಳುವಾಗ ಜೋಹರಾಬಿಗೆ ನಗು ಬರುತ್ತಿತ್ತು, ಈಗ ಬರುವುದಿಲ್ಲ. ಜ್ವರದ ಮಕ್ಕಳ ತಾಯಂದಿರು ಡಾಕ್ಟರ ಚೀಟಿ ತೋರಿಸಿ, ಬ್ರೆಡ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತಲೆ ತಗ್ಗಿಸಿ ಹೋಗುತ್ತಾರೆ.

ಮೊನ್ನೆ ಊರಿನ ಒಂದು ಮನೆಗೆ ತೆಲಿಗಿಯಿಂದ ಹೆಣ್ಣಿನ ಕಡೆಯವರು ಗಂಡು ನೋಡಲು ಬಂದಿದ್ದರು. ವರನ ನಡತೆ ವಿಚಾರಿಸುತ್ತಾ, “ಹುಡುಗ ಬನ್ ಏನಾದ್ರೂ...” ಎಂದು ತಡವರಿಸಿದರು.

“ಛೇ ಛೇ, ಅಂಥಾವನಲ್ರಿ!” ಎಂದಳು ಹುಡುಗನ ತಾಯಿ ಎರ್ರೆಮ್ಮ. “ಬರೇ ಬಿಸ್ಕೀಟು. ಅದೂ ಹಬ್ಬಕ್ಕೊಮ್ಮೆ.”

ಸಂಬಂಧ ಅಲ್ಲೇ ಕುದುರಿತು.